ಜಾಲರಿಯ ಗುರುತು

ಮಾರ್ಚ್ ೯, ಬುಧವಾರ

ಏಳು ತಿಂಗಳು ಕಾದಿದ್ದೆ. ಬೆಳಗ್ಗೆ ಐದಕ್ಕೆ ಎದ್ದು, ಗಡ್ಡವನ್ನು ಎರಡೆರಡು ಸಲ ಬೋಳಿಸಿ, ಇನ್ನೂರ ಹತ್ತು ಕಿಲೋಮೀಟರ್ ಗಾಡಿ ಓಡಿಸಿಕೊಂಡು ಬಂದು ಅಡಿಲೇಡಿನ ಕ್ಲಿನಿಕ್ಕಿನ ಬಾಗಿಲು ತಳ್ಳಿದರೆ, ಒಳಗೆ ಕುಳಿತಿರುವವರು ಯಾರು? ನಮ್ಮೂರು ಬೂಲ್ಕಾದ ಲೀಆನ್ ಲಿಂಡ್ನರ್. ರೈಲುಹಳಿಯ ಆಚೆ ಗೋಧಿ ಬೆಳೆಯುವವರ ಮನೆಯವಳು. ಪಕ್ಕದಲ್ಲಿ ಅವಳ ಹಿರಿಯ ಮಗ. ಮಗ ಅಂತ ನಾನು ಅಂದುಕೊಂಡಿದ್ದೆ. ಈಗ ನೋಡಿದರೆ ಭುಜದವರೆಗೆ ಕೂದಲು, ಹಳದಿ ಹೂವಿನ ಫ್ರಾಕು, ತುಟಿಗೆ ತೆಳುವಾಗಿ ಬಣ್ಣ. ಇಪ್ಪತ್ತೆರಡು ವರ್ಷ ಇರಬಹುದು. ಅವಳ ಕೈಯ ಮೇಲೆ ತಾಯಿಯ ಕೈ.

ಇಡೀ ಬೂಲ್ಕಾದಲ್ಲಿ ಇಂಥವಳು ನಾನೊಬ್ಬಳೇ ಎಂದು ಐವತ್ತಾರು ವರ್ಷ ನಂಬಿಕೊಂಡು ಬಂದವಳು ನಾನು. ಸಂತೋಷ ಕೊಡುವ ನಂಬಿಕೆಯೇನಲ್ಲ, ಆದರೆ ನನ್ನದಾಗಿತ್ತು. ಈ ಹುಡುಗಿ ಅದನ್ನೂ ಕಿತ್ತುಕೊಂಡಳು.

"ಕ್ಲೈವ್, ನೀನಿಲ್ಲಿ?" ಅಂದಳು ಲೀಆನ್. "ಹುಲ್ಲು ಕತ್ತರಿಸೋ ಮಷೀನ್ ರಿಪೇರಿಗೆ ಬಂದ್ಯಾ?" ಊರಲ್ಲಿ ನನ್ನದು ಅದೇ ರಿಪೇರಿಯ ಅಂಗಡಿ.

"ಹೂಂ," ಅಂದೆ. "ಡಾಕ್ಟರ್‌ದು ಸ್ಟಾರ್ಟ್ ಆಗ್ತಿಲ್ವಂತೆ."

ಕ್ಲಿನಿಕ್ ಇರುವುದು ನಾಲ್ಕನೇ ಮಹಡಿಯಲ್ಲಿ. ಸುತ್ತ ಎಲ್ಲಿ ನೋಡಿದರೂ ಒಂದು ಗರಿಕೆ ಹುಲ್ಲಿಲ್ಲ. ಲೀಆನ್ ಪಾಪ, ತಲೆ ಆಡಿಸಿದಳು. ಅಷ್ಟರಲ್ಲಿ ಕೌಂಟರಿನವಳು ಇಡೀ ಕೋಣೆಗೆ ಕೇಳುವ ಹಾಗೆ, "ಕ್ಲೈವ್ ಹಾರ್ಗ್ರೀವ್, ಹೊಸ ಪೇಷಂಟ್, ಬನ್ನಿ" ಎಂದು ಕೂಗಿದಳು. ಮಷೀನಿನ ಕಥೆ ಅಲ್ಲಿಗೆ ಮುಗಿಯಿತು.

ನನಗೆ ಬೇಕಾಗಿರುವುದು ಒಂದು ಕಾಗದ. ನಮ್ಮೂರ ಡಾಕ್ಟರ್ ಸೆನಾನಾಯಕೆ ಒಳ್ಳೆಯ ಮನುಷ್ಯ, ಆದರೆ ಹೆದರಿಕೆಯವನು. "ನಂಗಿದು ಹೊಸದು. ಜೆಂಡರ್ ಡಿಸ್ಫೋರಿಯಾ, ಅಂದ್ರೆ ಮೈ ಗಂಡಿನದು ಮನಸ್ಸು ಹೆಣ್ಣಿನದು, ಹೌದು ಅಂತ ಮನೋವೈದ್ಯರು ಬರ್ಕೊಡ್ಲಿ, ಮೈಗೆ ಅಂಟಿಸೋ ಹಾರ್ಮೋನ್ ಪಟ್ಟಿ ನಾನೇ ಶುರು ಮಾಡ್ತೀನಿ. ಅಷ್ಟ್ರಲ್ಲಿ ಸಿಗರೇಟ್ ಬಿಡಿ, ಇಲ್ಲಾಂದ್ರೆ ರಕ್ತ ಹೆಪ್ಪುಗಟ್ಟತ್ತೆ" ಅಂದಿದ್ದ. ಆ ಕಾಗದಕ್ಕಾಗಿ ಏಳು ತಿಂಗಳು ಕಾದಿದ್ದೆ. ಡಾಕ್ಟರ್ ಪೆಟ್ರಾಕಿಸ್ ಎದುರು ಕುಳಿತಾಗ ನನ್ನ ಬಾಯಿಗೆ ಬೀಗ ಬಿತ್ತು. ಅವರು ಏನು ಕೇಳಿದರೂ "ಹೌದು", "ಇರಬಹುದು", "ಗೊತ್ತಿಲ್ಲ". ಅವರ ಕಿವಿಯಲ್ಲಿ ಸಣ್ಣ ಬೆಳ್ಳಿಯ ಓಲೆಗಳಿದ್ದವು. ಅರ್ಧ ಹೊತ್ತು ಅವನ್ನೇ ನೋಡುತ್ತಿದ್ದೆ. ಕೊನೆಗೆ ಅವರು, "ಮುಂದಿನ ಸಲ ನಿಮ್ಮ ಬಾಲ್ಯದ ಬಗ್ಗೆ ಮಾತಾಡೋಣ" ಎಂದು ಮೇ ತಿಂಗಳ ತಾರೀಖು ಕೊಟ್ಟರು.

ಲಿಂಡ್ನರ್ ಹುಡುಗಿ ನನ್ನ ನಂತರ ಒಳಗೆ ಹೋದವಳು. ನಾನು ಕೆಳಗೆ ಗಾಡಿಯಲ್ಲಿ ಕುಳಿತು ಸಾಲಾಗಿ ಮೂರು ಸಿಗರೇಟು ಸೇದಿ ಮುಗಿಸುವಷ್ಟರಲ್ಲಿ ಹೊರಗೆ ಬಂದಳು. ಕೈಯಲ್ಲಿ ಬಿಳಿ ಲಕೋಟೆ. ತಾಯಿ ಅವಳನ್ನು ಫುಟ್‌ಪಾತಿನ ಮೇಲೆಯೇ ತಬ್ಬಿಕೊಂಡಳು. ಆಮೇಲೆ ಗಾಳಿ ತಣ್ಣಗಿದೆ ಎಂದು ಸ್ವೆಟರ್ ಹೊದಿಸಿದಳು.

ನನ್ನ ಹೆಸರು ರೊವೆನಾ. ಅದು ಗೊತ್ತಿರುವುದು ಈ ಪುಸ್ತಕಕ್ಕೆ ಮಾತ್ರ, ಪುಸ್ತಕ ಇರುವುದು ಅಂಗಡಿಯ ಸ್ಪಾರ್ಕ್ ಪ್ಲಗ್ ಡಬ್ಬಿಯ ಕೆಳಗೆ.

ಮಾರ್ಚ್ ೧೨, ಶನಿವಾರ

ಆ ಸ್ವೆಟರ್ ತಲೆಯಿಂದ ಹೋಗುತ್ತಿಲ್ಲ. ಲಕೋಟೆಗೆ ಹೊಟ್ಟೆಕಿಚ್ಚು ಪಟ್ಟರೆ ಒಂದು ಅರ್ಥವಿದೆ. ಸ್ವೆಟರಿಗೆ ಯಾಕೆ?

ಏಪ್ರಿಲ್ ೨, ಶನಿವಾರ

ಲೀಆನ್ ಅಂಗಡಿಗೆ ಬಂದಳು, ಹುಲ್ಲಿನ ಮಷೀನ್ ತಳ್ಳಿಕೊಂಡು. ಸ್ಟಾರ್ಟ್ ಆಗುತ್ತಿಲ್ಲವಂತೆ. ಹಗ್ಗ ಎಳೆದೆ, ಮೊದಲ ಸಲಕ್ಕೇ ಗುಡುಗಿತು. ಇಬ್ಬರೂ ಅದರ ಸದ್ದು ಕೇಳುತ್ತ ಸ್ವಲ್ಪ ಹೊತ್ತು ನಿಂತೆವು.

"ಮೇ ನಾಲ್ಕಕ್ಕೆ ನಿಂಗೂ ಅಪಾಯಿಂಟ್ಮೆಂಟ್ ಇದೆ ಅಲ್ವಾ?" ಅಂದಳು ಮಷೀನ್ ಆರಿಸಿದ ಮೇಲೆ. "ಕೌಂಟರ್‌ನವಳು ಹೇಳೋದು ಕೇಳಿಸ್ತು. ನಮಗೂ ಅವತ್ತೇ. ಒಂದೇ ದಾರಿಗೆ ಎರಡು ಗಾಡಿ ಯಾಕೆ?"

"ನಾನು ಯಾರಿಗೂ ಹೇಳಿಲ್ಲ, ಲೀಆನ್."

"ನಾನೂ ಹೇಳಿಲ್ಲ ಮಾರಾಯಾ. ನಮ್ಮನೆಯವ್ರಿಗೂ ಹೇಳಿಲ್ಲ."

ಹೊರಗೆ ಗಾಡಿಯಲ್ಲಿ ಕುಳಿತಿದ್ದ ಹುಡುಗಿ ಕೈ ಬೀಸಿದಳು. ಟ್ಯಾಮ್ಸಿನ್ ಅಂತ ಹೆಸರು. ಹೆಸರು ಹುಡುಕಲು ತಾಯಿಯೇ ಪುಸ್ತಕ ತಂದುಕೊಟ್ಟಳಂತೆ. ಇಬ್ಬರೂ ಸೋಫಾದ ಮೇಲೆ ಕುಳಿತು ಒಂದೊಂದೇ ಹೆಸರು ಕೂಗಿ ನೋಡಿದರಂತೆ. ನಾನು ನನ್ನ ಹೆಸರನ್ನು ಸ್ಮಶಾನದ ಕಲ್ಲೊಂದರ ಮೇಲೆ ಓದಿದ್ದು, ಹದಿಮೂರನೇ ವಯಸ್ಸಿನಲ್ಲಿ, ಅಪ್ಪ ಅಲ್ಲಿನ ಹುಲ್ಲು ಕತ್ತರಿಸಲು ಕಳಿಸಿದಾಗ.

ಆಗಲಿ, ಒಟ್ಟಿಗೆ ಹೋಗೋಣ ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಮೇ ೪, ಬುಧವಾರ

ಇವತ್ತು ನಾನು ಕಳ್ಳತನ ಮಾಡಿದೆ. ಸಿಕ್ಕಿಬಿದ್ದೆ ಕೂಡ.

ದಾರಿಯುದ್ದಕ್ಕೂ ಟ್ಯಾಮ್ಸಿನ್ ಹಿಂದಿನ ಸೀಟಿನಿಂದ ಮಾತಾಡುತ್ತಲೇ ಇದ್ದಳು. ಅವಳ ಕಥೆಗಳೋ, ಒಂದಕ್ಕಿಂತ ಒಂದು ಚಂದ. ಐದು ವರ್ಷದವಳಿದ್ದಾಗ ಕೂದಲು ಕತ್ತರಿಸುತ್ತಾರೆ ಎಂದು ಕತ್ತರಿ ಎತ್ತಿಕೊಂಡು ಹೋಗಿ ಕೋಳಿಗೂಡಿನಲ್ಲಿ ಅಡಗಿದ್ದಳಂತೆ. ಮೂರು ಗಂಟೆ. ಊರೆಲ್ಲ ಹುಡುಕಾಡಿದರಂತೆ. ಕೊನೆಗೆ ತಾಯಿ ಬಗ್ಗಿ ನೋಡಿದರೆ ಹುಲ್ಲಿನ ಮೇಲೆ ನಿದ್ದೆ ಹೋಗಿದ್ದಾಳೆ, ಕೈಯಲ್ಲಿ ಬೆಚ್ಚಗಿನ ಒಂದು ಮೊಟ್ಟೆ.

"ಇದನ್ನ ಡಾಕ್ಟ್ರಿಗೆ ಹೇಳಿದ್ದೆ," ಅಂದಳು. "ಪೆನ್ನು ಕೆಳಗಿಟ್ಟು ಕೇಳಿದ್ರು."

ನನ್ನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಇವಳಿಗೆ ತಾಯಿ ಇದ್ದಾಳೆ, ಕೂದಲಿದೆ, ವಯಸ್ಸಿದೆ, ಅದು ಸಾಲದು ಎಂದು ಇಂಥ ಕಥೆಯೂ ಇದೆ. ನನಗೆ ಏನಿದೆ? ನಾನು ಎಲ್ಲಿಯೂ ಅಡಗಲಿಲ್ಲ. ಕತ್ತರಿ ಬಂದಾಗ ತಲೆ ಬಗ್ಗಿಸಿದೆ.

ಹಾಗಾಗಿ ಡಾಕ್ಟರ್ ಪೆಟ್ರಾಕಿಸ್ "ಬಾಲ್ಯದ ಒಂದು ನೆನಪು ಹೇಳಿ" ಅಂದಾಗ ನನ್ನ ಬಾಯಿಂದ ಕೋಳಿಗೂಡು ಬಂತು. ಕತ್ತರಿ, ಮೂರು ಗಂಟೆ, ಮೊಟ್ಟೆ, ಎಲ್ಲವೂ. ಚೆನ್ನಾಗಿಯೇ ಹೇಳಿದೆ. "ಅಮ್ಮ ಬಗ್ಗಿ ನೋಡಿದಳು" ಎಂಬುದನ್ನು ಎರಡು ಸಲ ಹೇಳಿದೆ, ಅದು ನಟನೆಯಾಗಿರಲಿಲ್ಲ.

ಡಾಕ್ಟರ್ ಪೆನ್ನು ಕೆಳಗಿಡಲಿಲ್ಲ. ನಾನು ತುಂಬಿಕೊಟ್ಟಿದ್ದ ಫಾರಂ ತಿರುವಿದರು.

"ನಿಮ್ಮ ಮನೆ ಅಂಗಡಿ ಮೇಲಿನ ಮಹಡಿ ಅಂತ ಬರ್ದಿದ್ದೀರಿ. ಮುಖ್ಯ ರಸ್ತೇಲಿ."

"ಹೌದು."

"ಕೋಳಿಗೂಡು ಎಲ್ಲಿತ್ತು?"

ಹಿಂದೆ ಅಂಗಳವಿತ್ತು ಎನ್ನಬಹುದಿತ್ತು. ಅಜ್ಜಿಯ ಮನೆ ಎನ್ನಬಹುದಿತ್ತು. ಏನೂ ತೋಚಲಿಲ್ಲ. ನನ್ನ ಕಿವಿ ಕಾದ ಬಾಣಲೆಯಾಯಿತು. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಇಲ್ಲಿಗೆ ಬರೋರಲ್ಲಿ ಅನೇಕರು ಏನು ಹೇಳಿದ್ರೆ ಪಾಸಾಗ್ತೀವಿ ಅಂತ ತಯಾರಾಗಿ ಬರ್ತಾರೆ," ಅಂದರು. "ನಂಗೆ ಸರಿಯಾದ ಕಥೆ ಬೇಕಿಲ್ಲ, ನಿಮ್ಮದು ಬೇಕು. ಅದು ಇಲ್ದೆ ಕಾಗದ ಬರೆಯೋಕೆ ನಂಗಾಗಲ್ಲ." ಆಗಸ್ಟಿಗೆ ತಾರೀಖು ಕೊಟ್ಟರು. ಮೂರು ತಿಂಗಳು.

ಹೊರಗೆ ಟ್ಯಾಮ್ಸಿನ್ ನನಗಾಗಿ ಮಾಂಸದ ಪೈ ಒಂದನ್ನು ಕಾಗದದಲ್ಲಿ ಸುತ್ತಿಕೊಂಡು ನಿಂತಿದ್ದಳು. "ತಣ್ಣಗಾಗತ್ತೆ, ತಿನ್ನಿ. ಹೇಗಾಯ್ತು?"

"ಚೆನ್ನಾಗಾಯ್ತು" ಅಂದೆ. ಅವಳದೇ ಕಥೆ ಕದ್ದು, ಅವಳದೇ ಪೈ ತಿಂದೆ. ಕೆಳಗೆ ಬಿದ್ದ ತುಣುಕನ್ನೂ ಬಿಡಲಿಲ್ಲ.

ಮೇ ೫, ಗುರುವಾರ

ಅಂಗಡಿ ತೆರೆಯಲಿಲ್ಲ. ಅವಳು ಹಾರ್ಮೋನ್ ಶುರುಮಾಡಿ ಈಗ ಎಂಟು ವಾರ. ನನಗೆ ಎಂಟು ವಾರದಲ್ಲಿ ಏನಾಗುತ್ತಿತ್ತೋ ಲೆಕ್ಕ ಹಾಕುತ್ತ ಕುಳಿತಿದ್ದೆ. ತಪ್ಪು ನನ್ನದೇ ಎಂದು ಗೊತ್ತಿದೆ. ಆದರೂ ಸಿಟ್ಟು ಬರುವುದು ಅವಳ ಮೇಲೆ.

ಜೂನ್ ೧೮, ಶನಿವಾರ

ಫುಟ್‌ಬಾಲ್ ಮೈದಾನದಲ್ಲಿ ಲಿಂಡ್ನರ್ ಸಂಸಾರ. ತಂದೆಯೂ ಜೊತೆಗಿದ್ದ. ಬೇಲಿಯ ಬಳಿ ಒಂದಿಬ್ಬರು ಏನೋ ಗೊಣಗಿದರು, ಲಿಂಡ್ನರ್ ತಿರುಗಿ ನೋಡಿದ, ಅವರು ಸುಮ್ಮನಾದರು. ಆಳು ಆರಡಿ ಮೂರಂಗುಲ. ಅಂಥ ತಂದೆಯೂ ಅವಳ ಪಾಲಿಗೇ.

ಟ್ಯಾಮ್ಸಿನ್ ಮುಖ ಮೆತ್ತಗಾಗಿದೆ. ದಿನಾ ನೋಡುವವರಿಗೆ ಕಾಣದು, ಹೊಟ್ಟೆಕಿಚ್ಚಿನವರಿಗೆ ಕಾಣುತ್ತದೆ. "ಈಗೀಗ ಎಲ್ಲದಕ್ಕೂ ಅಳ್ತಾಳೆ ಮಾರಾಯಾ," ಅಂದಳು ಲೀಆನ್. "ಕುರಿಮರಿ ಕಂಡ್ರೆ ಅಳು, ಟಿವಿಲಿ ಸೋಪಿನ ಜಾಹೀರಾತಿಗೆ ಅಳು." ನಾನು ಅಪ್ಪನನ್ನು ಹೂಳುವಾಗಲೂ ಅಳಲಿಲ್ಲ, ಅಮ್ಮನನ್ನು ಹೂಳುವಾಗಲೂ ಇಲ್ಲ. ಬರಲಿಲ್ಲ. ಸೋಪಿಗೆ ಅಳುವ ಭಾಗ್ಯ!

ಸಿಗರೇಟ್ ಬಿಟ್ಟು ನಲವತ್ತನಾಲ್ಕು ದಿನ. ಅದಕ್ಕೇನೂ ಕಾರಣವಿಲ್ಲ, ರುಚಿ ಕೆಟ್ಟಿತ್ತು ಅಷ್ಟೆ.

ಸಂಜೆಗೆ ಮುಂಚೆ ಗ್ಲೆನಿಸ್ ಅಂಗಡಿಗೆ ಬಂದಳು. ಊರಿನ ಕೃಷಿ ಪ್ರದರ್ಶನದ ಕಾರ್ಯದರ್ಶಿ ಅವಳು, ನಾನು ಹುಟ್ಟುವ ಮೊದಲಿನಿಂದಲೂ ಅವಳೇ ಇರಬೇಕು. ಅಲ್ಲಿನ ಕೇಕಿನ ಸ್ಪರ್ಧೆಗೆ ಪ್ರತಿ ವರ್ಷ ಬರುವವರ ಫಾರಂ ತಾನೇ ತುಂಬಿಟ್ಟು, ಸಹಿಗೆ ಮಾತ್ರ ತರುತ್ತಾಳೆ, ಉಪಕಾರ ಅಂತ. ನನ್ನದರಲ್ಲಿ ಎಂದಿನಂತೆ ಬರೆದಿದ್ದಳು: ಕ್ಲೈವ್ ಹಾರ್ಗ್ರೀವ್, ಗಂಡಸರಿಗೆ ಮಾತ್ರ ಚಾಕೊಲೇಟ್ ಕೇಕು.

ಆ ವಿಭಾಗದಲ್ಲಿ ನಾನು ಹನ್ನೊಂದು ವರ್ಷದಿಂದ ಮೊದಲ ಬಹುಮಾನ. ಗಂಡಸರ ಕೇಕಿನ ಮೇಜಿನ ಸುತ್ತ ಜನ ಸೇರುವುದು ನಗಲಿಕ್ಕೆ. ಒಬ್ಬನದು ವಾಲಿರುತ್ತದೆ, ಒಬ್ಬನದು ಸುಟ್ಟಿರುತ್ತದೆ, ತೀರ್ಪುಗಾರರೂ ಒಂದು ಜೋಕು ಹೊಡೆದು ರಿಬ್ಬನ್ ಚುಚ್ಚುತ್ತಾರೆ. ಪತ್ರಿಕೆಯವನು ಏಪ್ರನ್ ಹಾಕಿಸಿ ಫೋಟೋ ತೆಗೆಯುತ್ತಾನೆ. ಅದೇ ಹೊತ್ತಿಗೆ ಪಕ್ಕದ ಉದ್ದ ಮೇಜಿನಲ್ಲಿ ನನ್ನ ಅಕ್ಕ ಮರ್ಲ್ ಮತ್ತು ಉಳಿದ ಹೆಂಗಸರ ಕೇಕುಗಳನ್ನು ಕನ್ನಡಕ ಹಾಕಿಕೊಂಡು, ಚಾಕುವಿನಿಂದ ಸೀಳಿ, ಮೂಸಿ, ತಲೆ ಕೊಡವಿ ಪರೀಕ್ಷೆ ಮಾಡುತ್ತಿರುತ್ತಾರೆ. ಅಲ್ಲಿ ಒಬ್ಬರೂ ನಗುವುದಿಲ್ಲ. ಹನ್ನೊಂದು ವರ್ಷ ಏಪ್ರನ್ ಹಾಕಿಕೊಂಡು ಆ ಕಡೆ ನೋಡುತ್ತ ನಿಂತಿದ್ದೇನೆ.

"ಆಮೇಲೆ ಸಹಿ ಮಾಡ್ತೀನಿ, ಬಿಟ್ಟು ಹೋಗು" ಅಂದೆ.

ಜುಲೈ ೧೦, ಭಾನುವಾರ

ಮರ್ಲ್‌ಗೆ ಹೇಳಿದೆ.

ಅವಳ ಮನೆಯಲ್ಲಿ ಊಟವಾಗಿತ್ತು. ಅವಳು ಪಾತ್ರೆ ತೊಳೆಯಲು ಎದ್ದಳು. ಅಮ್ಮನ ಕಾಲದ ಅದೇ ಬಟ್ಟೆ, ನೀಲಿ ಪಟ್ಟೆಯ ನಾರಿನ ಬಟ್ಟೆ, ಪಾತ್ರೆ ಒರೆಸುವುದಕ್ಕೆ. ಅಮ್ಮ ಸತ್ತಾಗ ಅವಳಿಗೆ ಹೋದ ಸಾಮಾನುಗಳಲ್ಲಿ ಅದೂ ಒಂದು. ನನಗೆ ಅಪ್ಪನ ಅಂಗಡಿ ಬಂತು. ನಾನು ಒರೆಸಲಾ ಅಂದರೆ, "ನೀನು ಕೂತ್ಕೊಳ್ಳೋ, ಒಡೆದು ಹಾಕ್ತೀಯ" ಅಂದಳು. ಅದೇ ಮಾತು. ಐವತ್ತು ವರ್ಷದ ಹಿಂದಿನದೇ.

ಅವಳ ಬೆನ್ನಿಗೆ ಹೇಳಿದೆ. ಡಾಕ್ಟರು, ಕಾಗದ, ನಾನು ಯಾರು, ಎಲ್ಲ. ಹೆಸರೊಂದನ್ನು ಬಿಟ್ಟು.

ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು. ಅವಳು ಅದನ್ನು ನಿಲ್ಲಿಸಿ, "ಅಮ್ಮ ಇದ್ದಿದ್ರೆ..." ಎಂದು ಶುರುಮಾಡಿದವಳು ಮುಗಿಸಲಿಲ್ಲ. "ನಿನ್ ಟೀ ಆರ್ತಿದೆ" ಅಂದಳು.

ಕುಡಿದು ಬಂದೆ. ಆರಿಯೇ ಹೋಗಿತ್ತು.

ಜುಲೈ ೨೪

ಎರಡು ವಾರ. ಫೋನಿಲ್ಲ.

ಆಗಸ್ಟ್ ೩, ಬುಧವಾರ

ಲಿಂಡ್ನರ್ ಮನೆಯಲ್ಲಿ ಕುರಿಗಳು ಮರಿ ಹಾಕುತ್ತಿವೆ, ಲೀಆನ್ ಬರಲಾಗಲಿಲ್ಲ. ನಾವಿಬ್ಬರೇ. ನನ್ನ ಗಾಡಿ, ನಾನೇ ಓಡಿಸಿದೆ. ತಾಯಿ ಜೊತೆಗಿಲ್ಲದ ಟ್ಯಾಮ್ಸಿನ್ ಪಕ್ಕದ ಸೀಟಿನಲ್ಲಿ ಸುಮ್ಮನಿದ್ದಳು. ಸುಮ್ಮನಿದ್ದವರ ಎದುರು ಬಾಯಿ ಮುಚ್ಚಿಕೊಂಡಿರಲು ನನಗಾಗಲಿಲ್ಲ.

"ನಿನ್ನ ಕೋಳಿಗೂಡನ್ನ ನಾನು ಡಾಕ್ಟ್ರಿಗೆ ಹೇಳ್ಬಿಟ್ಟೆ," ಅಂದೆ. "ನನ್ನದು ಅಂತ."

ಅವಳು ಕಿಟಕಿಯ ಕಡೆ ತಿರುಗಿದಳು. ಇಲ್ಲೇ ಇಳಿಸಿ ಅನ್ನುತ್ತಾಳೆ, ಬಸ್ ಹಿಡಿಯುತ್ತಾಳೆ, ಅವಳ ತಂದೆ ಆರಡಿ ಮೂರಂಗುಲ, ಹೀಗೆಲ್ಲ ಯೋಚಿಸುತ್ತಿದ್ದೆ.

"ಮೊಟ್ಟೇನೂ ಹೇಳಿದ್ರಾ?" ಅಂದಳು ಕೊನೆಗೆ.

"ಹೇಳ್ದೆ."

"ಮೊಟ್ಟೆ ಸುಳ್ಳು." ಅವಳ ಭುಜ ಅಲುಗುತ್ತಿತ್ತು. ನಗುತ್ತಿದ್ದಳು. "ಮೂರು ಗಂಟೆನೂ ಸುಳ್ಳು. ಹತ್ತು ನಿಮಿಷ ಇದ್ದೆ ಅಷ್ಟೆ, ಆಮೇಲೆ ನಾತ ತಡೀಲಾರ್ದೆ ನಾನೇ ಹೊರಗೆ ಬಂದೆ. ಡಾಕ್ಟ್ರುಗಳಿಗೆ ಇಂಥವು ಬೇಕು ಅಂತ ಯಾರೋ ಹೇಳಿದ್ರು. ಸ್ವಲ್ಪ ಸೇರಿಸ್ದೆ. ಅಮ್ಮನೂ ಈಗ ಅದನ್ನೇ ನಂಬಿದ್ದಾಳೆ."

"ನಾನು ಒಂದು ಸುಳ್ಳನ್ನ ಕದ್ದು ಮೂರು ತಿಂಗಳು ಹಿಂದೆ ಬಿದ್ನಾ?"

"ಕದಿಯೋದಾದ್ರೆ ಇನ್ನೂ ಒಳ್ಳೇವಿದ್ವು, ಕೇಳ್ಬೇಕಿತ್ತು."

ಆಮೇಲೆ ಇನ್ನೊಂದು ವಿಷಯ ಹೇಳಿದಳು. ಅವಳಿಗೆ ನನ್ನ ಮೇಲೆ ಹೊಟ್ಟೆಕಿಚ್ಚಂತೆ. "ನಿಮಗೆ ಅಂಗಡಿ ಇದೆ, ಬಾಗಿಲಿದೆ, ಹಾಕ್ಕೋಬಹುದು. ನಾನು ಬಾತ್‌ರೂಮಲ್ಲಿ ಐದು ನಿಮಿಷ ಜಾಸ್ತಿ ಇದ್ರೆ ಅಮ್ಮ ಬಂದು ಬಾಗಿಲು ತಟ್ಟಿ 'ಸರಿ ಇದ್ಯಾ ಚಿನ್ನಾ' ಅಂತಾಳೆ. ಒಬ್ಳೇ ಕೂತು ಅಳೋಕೂ ಬಿಡಲ್ಲ."

ಬಾಗಿಲು ತಟ್ಟುವುದೂ ಒಂದು ಕಷ್ಟವಂತೆ. ಬೇಕಾದರೆ ಅದನ್ನು ನನಗೆ ಕೊಟ್ಟುಬಿಡಲಿ. ಆದರೂ ದಾರಿಯಲ್ಲಿ ಇವತ್ತು ಪೈ ಕೊಡಿಸಿದವಳು ನಾನು.

ಡಾಕ್ಟರ್ ಕಿವಿಯಲ್ಲಿ ಇವತ್ತು ಬೇರೆ ಓಲೆ, ಹಸಿರು ಕಲ್ಲಿನದು. ಅವರು ಪ್ರಶ್ನೆ ಕೇಳುವ ಮೊದಲೇ ನಾನು ಹೇಳಿದೆ, ನನ್ನ ಹತ್ತಿರ ಕಥೆ ಇಲ್ಲ ಎಂದು.

"ನಾನು ಫ್ರಾಕ್ ಹಾಕ್ಕೊಂಡು ಕನ್ನಡಿ ಮುಂದೆ ನಿಂತಿಲ್ಲ. ಗೊಂಬೆ ಕೇಳಿಲ್ಲ. ಕೇಳಬಾರ್ದು ಅಂತ ಕೇಳೋ ಮೊದ್ಲೇ ಗೊತ್ತಿತ್ತು. ನನ್ನ ಹತ್ರ ಇರೋದು ಹೊಟ್ಟೆಕಿಚ್ಚು ಒಂದೇ."

"ಯಾರ ಮೇಲೆ?"

ಯಾರ ಮೇಲೆ ಎಂದು ಹೇಳಲಿ. ಚಿಕ್ಕಂದಿನಲ್ಲಿ ಊಟವಾದ ಮೇಲೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು, ಮರ್ಲ್ ನೀಲಿ ಪಟ್ಟೆಯ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಇಬ್ಬರೂ ಗುಸುಗುಸು ಮಾತಾಡುತ್ತಿದ್ದರು, ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಮರ್ಲ್‌ಗೆ ಆ ಕೆಲಸ ಕಂಡರಾಗದು, ದಿನಾ ಅಳುತ್ತ ಒರೆಸುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿರುತ್ತಿದ್ದೆ. ನಿನಗೇನು ಇಲ್ಲಿ ಕೆಲಸ, ಕೆಳಗೆ ಹೋಗು, ಅಪ್ಪ ಕರೀತಿದಾರೆ ಎನ್ನುತ್ತಿದ್ದಳು ಅಮ್ಮ. ಕೆಳಗೆ ಅಂಗಡಿಯಲ್ಲಿ ಕುಳಿತು ಸ್ಪಾರ್ಕ್ ಪ್ಲಗ್ ಉಜ್ಜುತ್ತ ಮೇಲಿನ ನೀರಿನ ಸದ್ದು ಕೇಳುತ್ತಿದ್ದೆ. ಒಂದು ದಿನ ಮರ್ಲ್ ಜ್ವರ ಬಂದು ಮಲಗಲಿ, ಆ ಬಟ್ಟೆ ನನ್ನ ಕೈಗೆ ಬರಲಿ ಎಂದು ಬೇಡುತ್ತಿದ್ದೆ. ಒಂದು ಸಲ ಜ್ವರ ಬಂತು. ಅವತ್ತು ಅಮ್ಮ ತಾನೇ ತೊಳೆದು ತಾನೇ ಒರೆಸಿಕೊಂಡಳು.

ಇಷ್ಟನ್ನೂ ಹೇಳಿದೆ. ಆಮೇಲೆ ಅದು ನಿಲ್ಲಲೇ ಇಲ್ಲ. ಶಾಲೆಯಲ್ಲಿ ಜಡೆ ಹೆಣೆದುಕೊಳ್ಳುತ್ತಿದ್ದವರು, ಮದುವೆಯ ಮನೆಯಲ್ಲಿ ಬಚ್ಚಲಿಗೂ ಗುಂಪಾಗಿ ಹೋಗುತ್ತಿದ್ದವರು, ಪ್ರದರ್ಶನದ ಉದ್ದ ಮೇಜು, ಟ್ಯಾಮ್ಸಿನ್ ಸ್ವೆಟರ್, ಕೊನೆಗೆ ಡಾಕ್ಟರ ಓಲೆಯನ್ನೂ ಬಿಡಲಿಲ್ಲ. "ನಾನು ಒಳ್ಳೆಯವಳಲ್ಲ," ಅಂದೆ. "ಐವತ್ತು ವರ್ಷದಿಂದ ಎಲ್ಲರನ್ನೂ ನೋಡಿ ಉರ್ಕೊಂಡಿದೀನಿ, ಅಷ್ಟೆ."

"ಗಂಡಸರನ್ನ ನೋಡಿ ಯಾವತ್ತಾದ್ರೂ ಉರ್ಕೊಂಡಿದ್ದುಂಟಾ?"

ಯೋಚಿಸಿದೆ. ನಿಜವಾಗಿಯೂ ಯೋಚಿಸಿದೆ. ಒಬ್ಬನೂ ನೆನಪಾಗಲಿಲ್ಲ.

ಡಾಕ್ಟರ್ ಒಂದು ಲೋಟ ನೀರು ಕೊಟ್ಟು ಕಂಪ್ಯೂಟರಿನ ಕಡೆ ತಿರುಗಿದರು. "ಕಾಗದ ಶುಕ್ರವಾರದೊಳಗೆ ಸೆನಾನಾಯಕೆಯವರಿಗೆ ಮುಟ್ಟತ್ತೆ. ಯಾವ ಹೆಸರು ಬರೀಲಿ?"

ಹೇಳಿದೆ. ಹದಿಮೂರನೇ ವಯಸ್ಸಿನಿಂದ ಇಟ್ಟುಕೊಂಡಿದ್ದು, ಬಾಯಿಂದ ಹೊರಗೆ ಬಂದಾಗ ಬೇರೆ ಯಾರದೋ ಹಾಗೆ ಕೇಳಿಸಿತು. ಅವರು ಎರಡು ಸಲ ಕೇಳಿ ಸರಿಯಾಗಿ ಬರೆದುಕೊಂಡರು.

ಆಗಸ್ಟ್ ೧೫, ಸೋಮವಾರ

ಮೊದಲ ಪಟ್ಟಿ. ಹೊಟ್ಟೆಯ ಕೆಳಗೆ, ಬಲಕ್ಕೆ. ಅಂಚೆ ಚೀಟಿಗಿಂತ ಸ್ವಲ್ಪ ದೊಡ್ಡದು, ಅಷ್ಟೆ. ಅಂಗಡಿಯಲ್ಲಿ ಇಡೀ ದಿನ ಅಂಗಿಯ ಮೇಲಿಂದ ಮುಟ್ಟಿ ನೋಡುತ್ತಿದ್ದೆ.

ಆಗಸ್ಟ್ ೨೭, ಶನಿವಾರ

ಗ್ಲೆನಿಸ್ ಫಾರಂ ಕೇಳಲು ಬಂದಳು. ಅವಳ ಎದುರೇ "ಗಂಡಸರಿಗೆ ಮಾತ್ರ" ಎಂಬುದನ್ನು ಗೀಚಿ ಹಾಕಿ "ಮುಕ್ತ ವಿಭಾಗ" ಎಂದು ಬರೆದೆ. ಕ್ಲೈವ್ ಎಂಬುದನ್ನೂ ಗೀಚಿ ರೊವೆನಾ ಎಂದು ಬರೆದೆ. ಅವಳು ಕನ್ನಡಕ ಏರಿಸಿ ಓದಿದಳು, ಇಳಿಸಿ ನನ್ನನ್ನು ನೋಡಿದಳು, ಮತ್ತೆ ಏರಿಸಿ ಓದಿದಳು.

"ಮುಕ್ತ ವಿಭಾಗದಲ್ಲಿ ಮರ್ಲ್ ಇದಾಳೆ," ಅಂದಳು. "ಅಲ್ಲಿ ನಿಂಗೆ ಗೆಲ್ಲೋಕಾಗಲ್ಲ."

"ನೋಡೋಣ."

"ಅಕ್ಷರ ಬಿಡಿಸಿ ಬರಿ. ಚೀಟಿ ಬರೆಯೋಳು ನಾನು, ತಪ್ಪಾದ್ರೆ ನನ್ನ ಬೈತಾರೆ."

ಅಷ್ಟೇ. ಐವತ್ತಾರು ವರ್ಷ ಹೆದರಿದ್ದು ಇದಕ್ಕಾ? ಎಲ್ಲರೂ ಗ್ಲೆನಿಸ್ ಅಲ್ಲ ಎಂಬುದು ಸೋಮವಾರವೇ ಗೊತ್ತಾಯಿತು. ಮೂವರು ತಮ್ಮ ಮಷೀನುಗಳನ್ನು ರಿಪೇರಿಯಾಗದೆಯೇ ವಾಪಸು ಒಯ್ದರು. ಒಯ್ಯಲಿ. ಆ ಮೂರನ್ನೂ ನಲವತ್ತು ಕಿಲೋಮೀಟರ್ ಈಚೆಗೆ ರಿಪೇರಿ ಮಾಡುವವರಿಲ್ಲ. (ಇದನ್ನು ಮಂಗಳವಾರ ಸೇರಿಸಿದ್ದು.)

ಅಕ್ಟೋಬರ್ ೮, ಶನಿವಾರ

ಅನ್ಯಾಯ. ಶುದ್ಧ ಅನ್ಯಾಯ.

ನಾಲ್ಕು ಭಾನುವಾರ ನಾಲ್ಕು ಕೇಕು ಮಾಡಿ ತಿದ್ದಿ, ಐದನೆಯದನ್ನು ನಿನ್ನೆ ಬೇಯಿಸಿ ಇವತ್ತು ಒಯ್ದೆ. ಎತ್ತರ ಸರಿ, ಅಂಚು ಸರಿ, ಒಳಗೆ ಹತ್ತಿಯ ಹಾಗೆ. ಉದ್ದ ಮೇಜಿನಲ್ಲಿ ಒಂಬತ್ತು ಕೇಕು, ನನ್ನದು ಆರನೆಯದು. ತೀರ್ಪುಗಾರ್ತಿ ಬೇರೆ ಊರಿನವಳು, ಮುಖದಲ್ಲಿ ಒಂದು ಗೆರೆ ನಗುವಿಲ್ಲ. ನನ್ನ ಕೇಕಿನ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ನಿಂತಳು. ಸೀಳಿದಳು, ಮೂಸಿದಳು, ಬಾಯಿಗಿಟ್ಟಳು. ಆಮೇಲೆ ಅರ್ಧವನ್ನು ಎತ್ತಿ ಬೆಳಕಿಗೆ ಹಿಡಿದು ಮೇಲ್ಭಾಗ ನೋಡಿದಳು. ಚೀಟಿಯಲ್ಲಿ ಬರೆದಳು:

"ರೊವೆನಾ ಹಾರ್ಗ್ರೀವ್. ರುಚಿ ಉತ್ತಮ. ಮೇಲ್ಭಾಗದಲ್ಲಿ ಜಾಲರಿಯ ಗುರುತು. ಬಹುಮಾನವಿಲ್ಲ."

ಜಾಲರಿಯ ಗುರುತು! ಆರಲು ತಂತಿ ಜಾಲರಿಯ ಮೇಲೆ ಮಗುಚಿ ಇಟ್ಟಿದ್ದೆ, ಎಲ್ಲರೂ ಹಾಗೇ ಇಡುತ್ತಾರೆ. ಎರಡು ಸಣ್ಣ ಗೆರೆ ಬಿದ್ದಿತ್ತು, ಹುಡುಕಿದರೆ ಮಾತ್ರ ಕಾಣುವಂಥದ್ದು. ಹನ್ನೊಂದು ವರ್ಷ ಅದೇ ಜಾಲರಿ, ಒಬ್ಬರೂ ಒಂದು ಮಾತು ಹೇಳಲಿಲ್ಲ. ಇವಳು ಯಾರು ಹೇಳಲಿಕ್ಕೆ? ಅಲ್ಲಿಯೇ ಮೇಜಿನ ಮುಂದೆ ನನ್ನ ಕಣ್ಣಲ್ಲಿ ನೀರು ಬಂತು, ಎಲ್ಲರೆದುರು, ಒಂದು ಕೇಕಿಗೆ. ಎಷ್ಟು ಒರೆಸಿದರೂ ನಿಲ್ಲದು. ಟ್ಯಾಮ್ಸಿನ್ ಎಲ್ಲಿಂದಲೋ ಓಡಿ ಬಂದು ಕರವಸ್ತ್ರ ಕೊಟ್ಟಳು. "ಸೋಪಿನ ಜಾಹೀರಾತಿಗಿಂತ ಇದು ವಾಸಿ" ಅಂದಳು. ಲೀಆನ್ ನನ್ನ ಹೆಗಲಿಗೆ ಏನೋ ಹೊದಿಸಿದಳು, ಹೊರಗೆ ಗಾಳಿಯಿತ್ತು. ನನ್ನ ಗಮನವೆಲ್ಲ ಆ ಚೀಟಿಯ ಮೇಲಿತ್ತು.

ಮೊದಲ ಬಹುಮಾನ ಮರ್ಲ್‌ಗೆ. ಮತ್ತೆ. ಅವಳ ಕೇಕಿನ ಮೇಲ್ಭಾಗ ಮಗುವಿನ ಕೆನ್ನೆಯ ಹಾಗಿತ್ತು, ಒಂದು ಗೆರೆ ಇಲ್ಲ. ಮೇಜಿನ ಆ ತುದಿಯಲ್ಲಿ ನಿಂತಿದ್ದಳು. ನಮ್ಮ ಕಣ್ಣು ಸೇರಿದವು. ಜುಲೈಯಿಂದ ಮಾತಿಲ್ಲ, ಇವತ್ತೂ ಇಲ್ಲ. ಗಂಡಸರ ಕೇಕಿನಲ್ಲಿ ಪೆಟ್ರೋಲ್ ಬಂಕಿನ ಬ್ಲೂ ಎಂಬುವನು ಗೆದ್ದ. ಪೊಟ್ಟಣದ ಪುಡಿ ಕಲಸಿ ಮಾಡಿದ್ದು, ವಾಸನೆಗೇ ಗೊತ್ತಾಗುತ್ತದೆ. ಅವನಿಗೆ ಏಪ್ರನ್ ಹಾಕಿಸಿ ಫೋಟೋ ತೆಗೆದರು, ಎಲ್ಲರೂ ನಕ್ಕರು. ನನ್ನ ರಿಬ್ಬನ್ನು ಅವನ ಎದೆಯ ಮೇಲೆ ನೋಡಿ ಸಂಕಟವಾಯಿತು ಎಂದರೆ ನಾನು ಎಂಥವಳು ಎಂದು ಈ ಪುಸ್ತಕಕ್ಕೆ ಗೊತ್ತೇ ಇದೆ.

ಬೆವರಿಗೆ ಪಟ್ಟಿಯ ಅಂಚು ಎದ್ದಿದೆ. ಹೊಸದು ಹಚ್ಚಬೇಕು.

ಚೀಟಿಯನ್ನು ಹರಿದು ಹಾಕುವವಳಿದ್ದೆ. ಇಲ್ಲೇ ಪುಟದ ನಡುವೆ ಇಟ್ಟಿದ್ದೇನೆ.

ಅಕ್ಟೋಬರ್ ೯, ಭಾನುವಾರ

ಹತ್ತು ಗಂಟೆಗೆ ಹಿಂಬಾಗಿಲು ತಟ್ಟಿದ ಸದ್ದು. ಮರ್ಲ್. ಕೈಯಲ್ಲಿ ಮಡಚಿದ ಏನೋ ಇತ್ತು. ಒಳಗೆ ಬಾ ಎನ್ನುವ ಮೊದಲೇ ಬಂದು ಅಡುಗೆಮನೆಯಲ್ಲಿ ನಿಂತಳು.

"ನಿನ್ನೆ ನಿನ್ನ ಕೇಕಿನ ಮುಂದೆ ನಿಂತು ನೋಡ್ದೆ," ಅಂದಳು. "ನೀನು ಹೋ‌ದ ಮೇಲೆ. ಜಾಲರಿ ಮೇಲೆ ಹಾಗೇ ಮಗುಚಿದ್ಯಾ?"

"ಇನ್ನು ಹೇಗೆ ಮಗುಚ್ತಾರೆ?"

"ಬಟ್ಟೆ ಹಾಸಿ. ಪಾತ್ರೆ ಒರೆಸೋ ಬಟ್ಟೇನ ಎರಡು ಮಡಿಕೆ ಮಾಡಿ ಜಾಲರಿ ಮೇಲೆ ಹಾಸಿ, ಅದ್ರ ಮೇಲೆ. ಅಮ್ಮ ಯಾವಾಗ್ಲೂ ಹಾಗೇ ಮಾಡ್ತಿದ್ಲಲ್ಲ. ನಿಂಗೆ ಗೊತ್ತಿಲ್ವಾ?"

"ಹೇಗೆ ಗೊತ್ತಿರತ್ತೆ ಮರ್ಲ್? ನನ್ನ ಕೆಳಗೆ ಕಳಿಸ್ತಿದ್ರಿ."

ಅವಳು ತೊಟ್ಟಿಯ ಕಡೆ ನೋಡಿದಳು. ನಾಲ್ಕು ವಾರದ ಕೇಕಿನ ತಟ್ಟೆ, ಬೋಗುಣಿ, ಚಮಚ, ಎಲ್ಲ ರಾಶಿ ಬಿದ್ದಿದ್ದವು. ಏನು ಅವತಾರ ಇದು ಎಂದು ಗೊಣಗುತ್ತ ಅಂಗಿಯ ತೋಳು ಮಡಚಿ ನಲ್ಲಿ ತಿರುಗಿಸಿದಳು. ಕೈಯಲ್ಲಿದ್ದುದನ್ನು ನನ್ನ ಕಡೆ ಎಸೆದಳು. ನೀಲಿ ಪಟ್ಟೆಯ ಬಟ್ಟೆ. ಅಂಚಿನಲ್ಲಿ ಅಮ್ಮ ಹಾಕಿದ ಹೊಲಿಗೆ.

"ನೋಡ್ತಾ ನಿಂತ್ಕೊಂಡ್ರೆ ಆಗಲ್ಲ," ಅಂದಳು. "ಒರೆಸೇ."

ಅವಳು ತೊಳೆದಳು, ನಾನು ಒರೆಸಿದೆ. ಒಂದನ್ನೂ ಒಡೆಯಲಿಲ್ಲ. ಮರ್ಲ್ ಗುಸುಗುಸು ದನಿಯಲ್ಲಿ ನಿನ್ನೆಯ ತೀರ್ಪುಗಾರ್ತಿಯ ಗಂಡ ಅವಳನ್ನು ಬಿಟ್ಟು ಹೋದ ಕಥೆ ಹೇಳಿದಳು, ಮೂರನೇ ಬಹುಮಾನದವಳು ಮೊಟ್ಟೆಯ ಬದಲು ಏನು ಹಾಕುತ್ತಾಳೆಂದು ಹೇಳಿದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಗುಸುಗುಸು ಯಾಕೋ ತಿಳಿಯದು. ಅಮ್ಮನ ಹತ್ತಿರ ಏನು ಮಾತಾಡ್ತಿದ್ರಿ ಎಂದು ಕೇಳಿದೆ. "ಇಂಥದ್ದೇ," ಅಂದಳು. "ಇನ್ನೇನು."

ಕೊನೆಯ ಬೋಗುಣಿ ಒರೆಸುವಾಗ, ಅವಳ ಕೇಕು ಅಷ್ಟು ಮೆತ್ತಗೆ ಬರುವುದು ಹೇಗೆ ಎಂದು ಕೇಳಿದೆ.

"ಅದು ಮಾತ್ರ ಹೇಳಲ್ಲ," ಅಂದಳು. "ಮುಂದಿನ ವರ್ಷ ನನ್ನ ಎದುರಿಗೇ ನಿಲ್ತೀಯಲ್ಲ ನೀನು."

ಸ್ವಾರ್ಥಿ. ಚಿಕ್ಕಂದಿನಿಂದಲೂ ಹೀಗೇ. ಗುಟ್ಟನ್ನು ಇಟ್ಟುಕೊಂಡು ಹೋದಳು, ಬಟ್ಟೆಯನ್ನು ಮಾತ್ರ ಬಿಟ್ಟು ಹೋಗಿದ್ದಾಳೆ. ಒಗೆದು ಹಿಂದಿನ ತಂತಿಯ ಮೇಲೆ ಹಾಕಿದ್ದೇನೆ. ಸಂಜೆಯೊಳಗೆ ಒಣಗಿದರೆ ಇವತ್ತೇ ಇನ್ನೊಂದು ಕೇಕು ಮಾಡಿ ನೋಡಬೇಕು.